ಗರ್ಭಕೋಶದ ಆಪರೇಷನ್ನಿನ ಜೊತೆಗೆ ಅಪೆಂಡಿಕ್ಸನ್ನೂ ತೆಗೆಯಬೇಕೆ? ಘಟ್ಟದ ದಾರಿ, ವಯಸ್ಸು ಮತ್ತು ಒಪ್ಪಿಗೆಯ ಲೆಕ್ಕ

ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸಿನ ಉರಿಯೂತ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕಾಯಿಲೆ. ಆದರೆ ಅಪೆಂಡಿಕ್ಸ್ ಕಳೆದುಕೊಂಡವರ ಲೆಕ್ಕ ತೆಗೆದರೆ ಹೆಂಗಸರೇ ಮುಂದೆ. ಅಮೆರಿಕದ ಆಸ್ಪತ್ರೆಗಳ 1979ರಿಂದ 1984ರ ವರೆಗಿನ ದಾಖಲೆಗಳನ್ನು ಆಧರಿಸಿ 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜೀವಮಾನದಲ್ಲಿ ಅಪೆಂಡಿಸೈಟಿಸ್ ಬರುವ ಸಂಭವ ಗಂಡಸರಿಗೆ ಶೇ 8.6, ಹೆಂಗಸರಿಗೆ ಶೇ 6.7. ಅದೇ ಅಪೆಂಡಿಕ್ಸ್ ತೆಗೆಸಿಕೊಳ್ಳುವ ಸಂಭವ ಮಾತ್ರ ಗಂಡಸರಿಗೆ ಶೇ 12 ಇದ್ದರೆ ಹೆಂಗಸರಿಗೆ ಶೇ 23.1. ಕಾಯಿಲೆ ಕಡಿಮೆ, ಕತ್ತರಿ ಹೆಚ್ಚು ಎಂಬ ಈ ವಿಚಿತ್ರಕ್ಕೆ ಮುಖ್ಯ ಕಾರಣ ಒಂದೇ: ಗರ್ಭಕೋಶಕ್ಕೋ ಅಂಡಾಶಯಕ್ಕೋ ಹೊಟ್ಟೆ ತೆರೆದಾಗ, ಯಾವ ತೊಂದರೆಯನ್ನೂ ಕೊಡದೆ ತನ್ನ ಪಾಡಿಗೆ ತಾನಿದ್ದ ಅಪೆಂಡಿಕ್ಸನ್ನೂ ಮುಂಜಾಗ್ರತೆಯೆಂದು ತೆಗೆದುಹಾಕುವ ರೂಢಿ.

ಈ ರೂಢಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಇದೆ. ಕಾರವಾರದಿಂದ ಭಟ್ಕಳದ ವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಫೈಬ್ರಾಯ್ಡ್ ಗಡ್ಡೆಗೋ ಮುಟ್ಟಿನ ಅತಿಸ್ರಾವಕ್ಕೋ ಗರ್ಭಕೋಶ ತೆಗೆಸಿಕೊಂಡ ಹೆಂಗಸರ ಮನೆಗಳಲ್ಲಿ ಕೇಳಿದರೆ, ‘ಹೆಂಗೂ ಹೊಟ್ಟೆ ಕೊಯ್ದಿದ್ದರು, ಅಪೆಂಡಿಕ್ಸನ್ನೂ ತೆಗೆದರಂತೆ’ ಎಂಬ ಮಾತು ಅಪರೂಪವೇನಲ್ಲ. ಆ ‘ಅಂತೆ’ಯ ಬಗ್ಗೆ ಆಮೇಲೆ ಮಾತಾಡೋಣ. ತೆಗೆದದ್ದು ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವ ವಿಷಯ ಇದಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಜಿಲ್ಲೆಯ ಗಡಿ ದಾಟಬೇಕಾದ ನಮ್ಮಂಥ ಕಡೆ ಈ ಲೆಕ್ಕಕ್ಕೆ ಇನ್ನೊಂದು ಅಂಶವೂ ಸೇರಿಕೊಳ್ಳುತ್ತದೆ.

ಸ್ತ್ರೀರೋಗ ತಜ್ಞರಿಗೂ ಅಪೆಂಡಿಕ್ಸಿಗೂ ಇರುವ ನಂಟು ಹಳೆಯದು. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದ ಸ್ವಲ್ಪ ಕೆಳಗೆ, ಹೊಟ್ಟೆಯ ಬಲಭಾಗದಲ್ಲಿ ನೇತಾಡುವ ಎಂಟೊಂಬತ್ತು ಸೆಂಟಿಮೀಟರಿನ ಈ ಕರುಳಬಾಲ ಎಷ್ಟೋ ಹೆಂಗಸರಲ್ಲಿ ಕಿಬ್ಬೊಟ್ಟೆಯ ಕುಹರಕ್ಕೆ ಇಳಿದು ಬಲ ಅಂಡಾಶಯದ ಪಕ್ಕದಲ್ಲೇ ಕುಳಿತಿರುತ್ತದೆ. ಹಾಗಾಗಿ ಬಲಗಡೆ ಕೆಳಹೊಟ್ಟೆ ನೋವೆಂದು ಬಂದ ಯುವತಿಯಲ್ಲಿ ಅದು ಅಪೆಂಡಿಕ್ಸಿನ ಉರಿಯೂತವೋ, ತಿರುಚಿಕೊಂಡ ಅಂಡಾಶಯವೋ, ನಳಿಕೆಯಲ್ಲಿ ನಿಂತ ಗರ್ಭವೋ, ಒಡೆದ ಸಿಸ್ಟೋ ಎಂದು ತಿಳಿಯುವುದು ಸ್ಕ್ಯಾನಿಂಗ್ ಇರುವ ಈ ಕಾಲದಲ್ಲಿಯೂ ಸುಲಭವಲ್ಲ. ಉರಿಯೂತಗೊಂಡ ಅಪೆಂಡಿಕ್ಸನ್ನು 1880ರಷ್ಟು ಹಿಂದೆಯೇ ತೆಗೆದ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಹೆಸರು ಮಾಡಿದ್ದು ಸ್ತ್ರೀರೋಗ ಶಸ್ತ್ರವೈದ್ಯರಾಗಿ. ಲ್ಯಾಪರೋಸ್ಕೋಪಿಯ ಮೂಲಕ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ, ಅಪೆಂಡಿಕ್ಸನ್ನು ಮೊದಲು ತೆಗೆದವರೂ ಸಾಮಾನ್ಯ ಶಸ್ತ್ರವೈದ್ಯರಲ್ಲ, ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್, 1980ರಲ್ಲಿ. ತಮ್ಮ ಹೊಲಕ್ಕೆ ಕಾಲಿಟ್ಟರೆಂದು ಸಿಟ್ಟಾದ ಶಸ್ತ್ರವೈದ್ಯರ ವಲಯದಿಂದ ಸೆಮ್ ಅವರ ವೃತ್ತಿಯನ್ನೇ ಅಮಾನತಿನಲ್ಲಿಡಬೇಕೆಂಬ ಒತ್ತಾಯವೂ ಬಂದಿತ್ತು. ಇಂದು ಅದೇ ವಿಧಾನ ಜಗತ್ತಿನೆಲ್ಲೆಡೆ ನಡೆಯುತ್ತಿದೆ.

ಟೇಬಲ್ಲಿನ ಮೇಲೆ ನಡೆಯುವುದೇನು? ಗರ್ಭಕೋಶದ ಕೆಲಸ ಮುಗಿದ ಮೇಲೆ ವೈದ್ಯರು ಕರುಳಿನ ಆ ಭಾಗವನ್ನು ಹುಡುಕಿ ಮೇಲಕ್ಕೆತ್ತುತ್ತಾರೆ. ಅಪೆಂಡಿಕ್ಸಿಗೆ ರಕ್ತ ಒಯ್ಯುವ ಸಣ್ಣ ಧಮನಿ ಹಾದುಹೋಗುವ ತೆಳುಪೊರೆಯನ್ನು ಕಟ್ಟಿ ಅಥವಾ ಸುಟ್ಟು ಬಿಡಿಸುತ್ತಾರೆ. ಬುಡಕ್ಕೆ ದಾರದ ಕುಣಿಕೆ ಹಾಕಿ ಬಿಗಿದು, ಮೇಲಿನ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಕೈ ಪಳಗಿದವರಿಗೆ ಹತ್ತು ನಿಮಿಷದ ಆಸುಪಾಸಿನ ಕೆಲಸ. ಉರಿಯೂತವಿಲ್ಲದ, ಮೆತ್ತಗಿನ ಅಪೆಂಡಿಕ್ಸಾದ್ದರಿಂದ ತೊಡಕು ಕಡಿಮೆ. ಮಳೆಗಾಲಕ್ಕೆ ಮೊದಲು ಹೆಂಚು ಸರಿಮಾಡಲೆಂದು ಮಾಡು ಹತ್ತಿದವನು ಎರಡು ರೀಪನ್ನೂ ಬದಲಿಸಿಯೇ ಇಳಿಯುವಂತೆ, ಒಮ್ಮೆ ಅರಿವಳಿಕೆ ಕೊಟ್ಟಾಗಿದೆ, ಹೊಟ್ಟೆ ತೆರೆದಾಗಿದೆ, ಇದೊಂದನ್ನೂ ಮುಗಿಸೋಣ ಎಂಬ ತರ್ಕ ಇಲ್ಲಿದೆ. ತರ್ಕ ತಪ್ಪಲ್ಲ, ಆದರೆ ಇಲ್ಲಿ ಬದಲಿಸುತ್ತಿರುವ ರೀಪು ಕೊಳೆತದ್ದಲ್ಲ.

ಅಪಾಯ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಅಪೆಂಡಿಕ್ಸಿನ ಒಳಗಿರುವುದು ದೊಡ್ಡಕರುಳಿನದೇ ಬ್ಯಾಕ್ಟೀರಿಯಾ. ಅದನ್ನು ಕತ್ತರಿಸಿದ ಕ್ಷಣಕ್ಕೆ ಹೊಟ್ಟೆಯೊಳಗೆ ಕರುಳು ತೆರೆದಂತಾಯಿತು. ಗರ್ಭಕೋಶ ತೆಗೆಯುವಾಗ ಯೋನಿಯ ಭಾಗ ತೆರೆದೇ ತೆರೆಯುವುದರಿಂದ ಆ ಶಸ್ತ್ರಚಿಕಿತ್ಸೆ ಮೊದಲೇ ಪೂರ್ತಿ ‘ಶುದ್ಧ’ ವರ್ಗದ್ದಾಗಿರುವುದಿಲ್ಲ. ಅಪೆಂಡಿಕ್ಸಿನಿಂದ ಸೋಂಕಿನ ವರ್ಗೀಕರಣದಲ್ಲಿ ದೊಡ್ಡ ವ್ಯತ್ಯಾಸವಾಗದು. ಆದರೆ ಅಂಡಾಶಯದ ಒಂದು ಸಾದಾ ಸಿಸ್ಟನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಸಂಪೂರ್ಣ ಶುದ್ಧವಾದದ್ದು. ಅದಕ್ಕೆ ಅಪೆಂಡಿಕ್ಸನ್ನು ಸೇರಿಸಿದರೆ ಒಂದು ಮೆಟ್ಟಿಲು ಕೆಳಗಿಳಿದಂತೆ. ಮಕ್ಕಳಾಗಬೇಕೆಂದು ಸಿಸ್ಟ್ ತೆಗೆಸಿಕೊಳ್ಳುವ ಇಪ್ಪತ್ತೈದರ ಹುಡುಗಿಯ ಕಿಬ್ಬೊಟ್ಟೆಯಲ್ಲಿ ಸೋಂಕಾದರೆ ಅದರ ಬೆಲೆ ಬೇರೆಯದೇ. ಗರ್ಭಕೋಶದ ಜೊತೆ ಅಪೆಂಡಿಕ್ಸನ್ನೂ ತೆಗೆಸಿಕೊಂಡವರಲ್ಲಿ ತೊಡಕು ಗಣನೀಯವಾಗಿ ಹೆಚ್ಚುವುದಿಲ್ಲವೆಂದು ಹೇಳುವ ಅಧ್ಯಯನಗಳು ಹಲವಿವೆ; ಹೆಚ್ಚಿನವು ಹಳೆಯ ದಾಖಲೆಗಳನ್ನು ತಿರುವಿ ನೋಡಿ ಮಾಡಿದಂಥವು. ಆರೋಗ್ಯವಂತ, ತೆಳ್ಳಗಿನ, ಸುಲಭದ ರೋಗಿಗಳನ್ನೇ ವೈದ್ಯರು ಇದಕ್ಕೆ ಆರಿಸಿಕೊಂಡಿರುತ್ತಾರೆ ಎಂಬುದನ್ನು ಮರೆತರೆ ಆ ಅಂಕಿಗಳು ದಾರಿ ತಪ್ಪಿಸುತ್ತವೆ.

ಇನ್ನು ಲಾಭದ ಲೆಕ್ಕ. ಮೇಲೆ ಹೇಳಿದ 1990ರ ಅಧ್ಯಯನದ ಅಂದಾಜಿನಂತೆ ಒಂದು ಅಪೆಂಡಿಸೈಟಿಸನ್ನು ತಪ್ಪಿಸಲು ಸರಾಸರಿ 36 ಮಂದಿಯ ಆರೋಗ್ಯವಂತ ಅಪೆಂಡಿಕ್ಸನ್ನು ತೆಗೆಯಬೇಕಾಗುತ್ತದೆ. ವಯಸ್ಸಾದವರಲ್ಲಿ ಈ ಸಂಖ್ಯೆ ಇನ್ನೂ ಏರುತ್ತದೆ, ಏಕೆಂದರೆ ಅಪೆಂಡಿಸೈಟಿಸ್ ಅತಿ ಹೆಚ್ಚಾಗಿ ಬರುವುದು 10ರಿಂದ 19ರ ವಯಸ್ಸಿನಲ್ಲಿ. ಅಲ್ಲಿ ಅದರ ಪ್ರಮಾಣ ವರ್ಷಕ್ಕೆ ಹತ್ತು ಸಾವಿರಕ್ಕೆ 23.3. ಇಪ್ಪತ್ತು, ಮೂವತ್ತು ದಾಟಿದಂತೆ ಅದು ಇಳಿಯುತ್ತ ಹೋಗುತ್ತದೆ. ಆದರೆ ಬೇರೊಂದು ಶಸ್ತ್ರಚಿಕಿತ್ಸೆಯ ಜೊತೆಗೆ ಅಪೆಂಡಿಕ್ಸ್ ತೆಗೆಯುವುದು ಅತಿ ಹೆಚ್ಚಾಗಿ ಕಂಡದ್ದು 35ರಿಂದ 44ರ ಹೆಂಗಸರಲ್ಲಿ, ಅದೇ ವಯಸ್ಸಿನ ಗಂಡಸರಿಗಿಂತ 12 ಪಟ್ಟು. ಈ ಎರಡು ವಯಸ್ಸುಗಳ ನಡುವಿನ ಅಂತರವೇ ಈ ವಿಷಯದ ತಿರುಳೆಂದು ನನಗನ್ನಿಸುತ್ತದೆ. ಯಾರಿಗೆ ಅಪೆಂಡಿಸೈಟಿಸಿನ ಅಪಾಯ ಇನ್ನೂ ಮುಂದಿದೆಯೋ ಅವರು ಸ್ತ್ರೀರೋಗ ತಜ್ಞರ ಟೇಬಲ್ಲಿಗೆ ಬರುವುದು ಕಡಿಮೆ. ಬರುವವರಲ್ಲಿ ಹೆಚ್ಚಿನವರು ಆ ಅಪಾಯದ ಬಹುಪಾಲನ್ನು ದಾಟಿ ಬಂದವರು.

ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2005ರ ನವೆಂಬರಿನಲ್ಲಿ ಈ ಕುರಿತು ಕೊಟ್ಟ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ. 35 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಪ್ರಯೋಜನ ಹೆಚ್ಚು. ನಿರ್ಧಾರ ಎಲ್ಲರಿಗೂ ಒಂದೇ ಆಗಿರದೆ, ರೋಗಿಯೊಡನೆ ಲಾಭ-ಅಪಾಯಗಳನ್ನು ಚರ್ಚಿಸಿದ ಮೇಲೆ ಅವರವರ ಸ್ಥಿತಿಯನ್ನು ನೋಡಿ ಆಗಬೇಕು ಎಂದು ಅದು ಹೇಳಿತು. ಅಮೆರಿಕದ ಅಂಕಿಗಳನ್ನು ಯಥಾವತ್ತಾಗಿ ಕುಮಟೆಗೋ ಮುಂಡಗೋಡಿಗೋ ಇಳಿಸಲು ಬರುವುದಿಲ್ಲ. ಅಲ್ಲಿಯೇ ಜನವರ್ಗದಿಂದ ಜನವರ್ಗಕ್ಕೆ, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಈ ಕಾಯಿಲೆಯ ಪ್ರಮಾಣ ಬದಲಾಗುವುದನ್ನು ಅದೇ ಅಧ್ಯಯನ ತೋರಿಸಿದೆ. ಆದರೆ ಎಳೆ ವಯಸ್ಸಿನಲ್ಲಿ ಹೆಚ್ಚು, ವಯಸ್ಸಾದಂತೆ ಕಡಿಮೆ ಎಂಬ ಇಳಿಜಾರು ಎಲ್ಲ ಕಡೆಯೂ ಒಂದೇ.

ಇಲ್ಲಿಗೆ ಉತ್ತರ ಕನ್ನಡದ ವಾದ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹನ್ನೆರಡು ತಾಲೂಕುಗಳ ಈ ಜಿಲ್ಲೆಯಲ್ಲಿ ಕಷ್ಟದ ಕೇಸೆಂದರೆ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿಯೇ ಗತಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಬೀದಿಗೂ ಮೊಬೈಲಿಗೂ ಒಟ್ಟಿಗೆ ಬಂತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಮರುತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಮಳೆಗಾಲದಲ್ಲಿ ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಯಾವುದು ಎಂದು ಮುಚ್ಚುತ್ತದೆಂದು ಹೇಳಲು ಬಾರದು. ಇಂಥ ಊರಿನ ವೈದ್ಯರೊಬ್ಬರು, ‘ನಾಳೆ ಇವಳಿಗೆ ಆಷಾಢದ ಮಳೆಯ ರಾತ್ರಿ ಅಪೆಂಡಿಕ್ಸ್ ನೋವು ಬಂದರೆ ಯಾರು ಹೊತ್ತು ತರುತ್ತಾರೆ, ಈಗಲೇ ತೆಗೆದುಬಿಡುತ್ತೇನೆ’ ಎಂದರೆ ಅದು ಕಾಳಜಿಯ ಮಾತೇ ಹೊರತು ಲೋಭದ್ದಲ್ಲ. ಎಲ್ಲ ಊರುಗಳಲ್ಲೂ ಸರ್ಜನ್ ಕೈಗೆಟಕುವ ದೂರದಲ್ಲಿದ್ದಾರೆಂಬ ಭಾವನೆಯಲ್ಲಿ ಬರೆದ ಮಾರ್ಗಸೂಚಿಗೆ ಈ ಮಾತು ಹೊಳೆಯುವುದೇ ಇಲ್ಲ.

ಆದರೂ ದೂರದ ವಾದವನ್ನು ಒಡೆದು ನೋಡಬೇಕು. ಅಪೆಂಡಿಸೈಟಿಸ್ ಹೃದಯಾಘಾತದ ಹಾಗೆ ನಿಮಿಷಗಳ ಲೆಕ್ಕದ ಕಾಯಿಲೆಯಲ್ಲ. ನೋವು ಶುರುವಾದ ಮೇಲೆ ಒಡೆಯುವ ಅಪಾಯ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಮೊದಲ ಒಂದು ದಿನದೊಳಗೆ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಅದು ಒಡೆಯುವ ಮೊದಲೇ ಚಿಕಿತ್ಸೆ ಪಡೆಯುತ್ತಾರೆ. ಅದಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೂ ಬೇಡ. ಒಬ್ಬ ಜನರಲ್ ಸರ್ಜನ್, ಒಬ್ಬ ಅರಿವಳಿಕೆ ತಜ್ಞ, ಒಂದು ಸಾಧಾರಣ ಆಪರೇಷನ್ ಥಿಯೇಟರ್ ಇದ್ದರೆ ಸಾಕು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಶಿರಸಿ, ಕುಮಟಾ, ಹೊನ್ನಾವರ, ಅಂಕೋಲೆಗಳಂಥ ಊರುಗಳಲ್ಲಿ ಈ ಶಸ್ತ್ರಚಿಕಿತ್ಸೆ ಹೊಸತೇನೂ ಅಲ್ಲ. ಮಣಿಪಾಲದ ದಾರಿ ಹಿಡಿಯಬೇಕಾದದ್ದು ತಲೆಗೆ ಪೆಟ್ಟಾದವರಿಗೆ, ಹೃದಯದ ರೋಗಿಗಳಿಗೆ, ತೂಕ ತೀರಾ ಕಡಿಮೆಯಿರುವ ನವಜಾತ ಶಿಶುಗಳಿಗೆ. ಪಟ್ಟಣದ ನಲವತ್ತೆಂಟರ ಗೃಹಿಣಿಯ ಅಪೆಂಡಿಕ್ಸ್ ತೆಗೆಯಲು ಆಸ್ಪತ್ರೆ ಚಳವಳಿಯ ಕಾರಣವನ್ನು ಮುಂದಿಡುವುದು ಹೊಂದುವುದಿಲ್ಲ.

ಜೊಯಿಡಾದ ಕಾಡೊಳಗಿನ ಕುಣಬಿ ಹಳ್ಳಿಯವಳು, ಯಲ್ಲಾಪುರದ ಒಳಭಾಗದ ಸಿದ್ದಿ ಕೇರಿಯವಳು, ಮಳೆಗಾಲದಲ್ಲಿ ಹಳ್ಳ ತುಂಬಿ ಸಂಕವೇ ದಾರಿಯಾಗುವ ಸಿದ್ದಾಪುರದ ಮಜಿರೆಯವಳು, ಇವರ ವಿಷಯ ಬೇರೆ. ಅದರಲ್ಲೂ ಅವಳು ಇಪ್ಪತ್ತೆರಡರವಳಾಗಿದ್ದು, ಅಂಡಾಶಯ ತಿರುಚಿಕೊಂಡಿತೆಂದೋ ನಳಿಕೆಯ ಗರ್ಭವೆಂದೋ ಹೊಟ್ಟೆ ತೆರೆಯಬೇಕಾಗಿ ಬಂದಿದ್ದರೆ ದೂರದ ವಾದಕ್ಕೂ ವಯಸ್ಸಿನ ಲೆಕ್ಕಕ್ಕೂ ಅಲ್ಲಿ ತಾಳೆಯಾಗುತ್ತದೆ. ಮುಂದೆ ಬಸುರಾದಾಗ ಅಪೆಂಡಿಸೈಟಿಸ್ ಬಂದರೆ ಪತ್ತೆ ಹಚ್ಚುವುದೂ ಕಷ್ಟ, ಒಡೆದರೆ ಮಗುವಿಗೂ ಕುತ್ತು. ಬಸುರಿಯರಲ್ಲಿ ಹೆರಿಗೆಗೆ ಸಂಬಂಧಿಸದ ತುರ್ತು ಶಸ್ತ್ರಚಿಕಿತ್ಸೆಗಳಲ್ಲಿ ಮೊದಲ ಸ್ಥಾನ ಇದಕ್ಕೇ. ಇಂಥವಳಿಗೆ ಆ ಆಯ್ಕೆಯನ್ನು ಕೊಡದಿರುವುದೇ ಲೋಪವಾದೀತು. ಆದರೆ ವಿಪರ್ಯಾಸವೆಂದರೆ ತುರ್ತಿನಲ್ಲಿ, ರಕ್ತಸ್ರಾವದ ನಡುವೆ, ಮಧ್ಯರಾತ್ರಿ ಹೊಟ್ಟೆ ತೆರೆದಾಗ ಹೆಚ್ಚುವರಿ ಕೆಲಸ ಮಾಡಬಾರದೆಂಬುದೂ ಅಷ್ಟೇ ಸರಿಯಾದ ನಿಯಮ. ಹಾಗಾಗಿ ಆಯ್ಕೆ ಇರುವುದು ಮೊದಲೇ ದಿನ ಗೊತ್ತುಮಾಡಿಕೊಂಡು ನಡೆಸುವ ಶಸ್ತ್ರಚಿಕಿತ್ಸೆಗಳಲ್ಲಿ ಮಾತ್ರ.

ತಡವಾಗುವುದು ಘಟ್ಟದ ರಸ್ತೆಯಿಂದಷ್ಟೇ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ಹೆಂಗಸರ ಹೊಟ್ಟೆನೋವೆಂದರೆ ನಮ್ಮ ಮನೆಗಳಲ್ಲಿ ಮೊದಲು ಗ್ಯಾಸು, ಆಮೇಲೆ ಮುಟ್ಟಿನ ನೋವು, ಓಮದ ಕಷಾಯ, ಒಂದು ಮಾತ್ರೆ, ನಾಳೆ ನೋಡೋಣ. ಗಂಡನೋ ಮಗನೋ ಪುರುಸೊತ್ತು ಮಾಡಿಕೊಳ್ಳುವಷ್ಟರಲ್ಲಿ ಎರಡನೇ ದಿನ ಕಳೆದಿರುತ್ತದೆ. ಈ ತಡಕ್ಕೆ ಆಂಬುಲೆನ್ಸೂ ಪರಿಹಾರವಲ್ಲ, ಮುಂಜಾಗ್ರತೆಯ ಕತ್ತರಿಯೂ ಅಲ್ಲ.

2005ರಲ್ಲಿ ಇಲ್ಲದ ಇನ್ನೊಂದು ಸಂಗತಿ ಈಗ ಲೆಕ್ಕಕ್ಕೆ ಸೇರಿದೆ. ಫಿನ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಆಪ್ಯಾಕ್ ಎಂಬ ಪ್ರಯೋಗದಲ್ಲಿ, ಒಡೆಯದ, ತೊಡಕಿಲ್ಲದ ಅಪೆಂಡಿಸೈಟಿಸಿಗೆ ಶಸ್ತ್ರಚಿಕಿತ್ಸೆಯ ಬದಲು ಆ್ಯಂಟಿಬಯಾಟಿಕ್ ಕೊಟ್ಟವರಲ್ಲಿ ಒಂದು ವರ್ಷದೊಳಗೆ ಅಪೆಂಡಿಕ್ಸ್ ತೆಗೆಸಬೇಕಾಗಿ ಬಂದದ್ದು ಸುಮಾರು ಶೇ 27 ಮಂದಿಗೆ. ಐದು ವರ್ಷಗಳ ಕೊನೆಗೆ ಶೇ 39ರಷ್ಟು ಮಂದಿಯಲ್ಲಿ ಕಾಯಿಲೆ ಮರುಕಳಿಸಿತ್ತು. ಎಂದರೆ ಐವರಲ್ಲಿ ಮೂವರು ಕತ್ತರಿಯಿಲ್ಲದೆ ಪಾರಾದರು. ಅಮೆರಿಕದ 2020ರ ದೊಡ್ಡ ಪ್ರಯೋಗವೂ ಇದೇ ದಿಕ್ಕಿನಲ್ಲಿದೆ; ಅಲ್ಲಿ ಔಷಧ ಪಡೆದವರಲ್ಲಿ 90 ದಿನಗಳೊಳಗೆ ಶಸ್ತ್ರಚಿಕಿತ್ಸೆಗೆ ಬಂದವರು ಶೇ 29. ಇದು ಸಿ.ಟಿ. ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಂಡು ಮಾಡುವ ಚಿಕಿತ್ಸೆಯೇ ಹೊರತು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುವುದಕ್ಕೆ ರಹದಾರಿಯಲ್ಲ. ಆದರೂ ಅಪೆಂಡಿಸೈಟಿಸ್ ಬಂದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ ಎಂಬ ಊಹೆಯ ಮೇಲೆ ನಿಂತಿದ್ದ ಮುಂಜಾಗ್ರತೆಯ ವಾದ ಇದರಿಂದ ಸಡಿಲವಾಗಿದೆ. 36 ಮಂದಿಯ ಅಪೆಂಡಿಕ್ಸ್ ತೆಗೆದು ತಪ್ಪಿಸಿದ ಆ ಒಂದು ಕೇಸು ಇಂದು ಔಷಧದಿಂದಲೇ ತಹಬಂದಿಗೆ ಬರುವಂಥದ್ದೂ ಆಗಿರಬಹುದು.

ಅಪೆಂಡಿಕ್ಸ್ ಕೆಲಸಕ್ಕೆ ಬಾರದ ಅಂಗವೆಂಬ ಶಾಲಾಪುಸ್ತಕದ ಮಾತೂ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಅದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ದಟ್ಟವಾಗಿದೆ. ಭೇದಿಯಿಂದ ಕರುಳು ಬರಿದಾದಾಗ ಒಳ್ಳೆಯ ಬ್ಯಾಕ್ಟೀರಿಯಾಗಳು ಮರಳಿ ಹುಟ್ಟಿಕೊಳ್ಳಲು ಇದು ಉಗ್ರಾಣದಂತಿರಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಮಂಡಿಸಿದ ಊಹೆ ಇನ್ನೂ ಚರ್ಚೆಯಲ್ಲಿದೆ. ಹೆಚ್ಚು ಖಚಿತವಾದ ಉಪಯೋಗ ಶಸ್ತ್ರವೈದ್ಯರದ್ದೇ: ಮೂತ್ರಕೋಶದ ನರದೌರ್ಬಲ್ಯವಿರುವವರಿಗೆ ಹೊಟ್ಟೆಯ ಮೂಲಕ ಮೂತ್ರಕ್ಕೆ ದಾರಿ ಮಾಡಿಕೊಡಲು ಅಪೆಂಡಿಕ್ಸನ್ನೇ ಕೊಳವೆಯಾಗಿ ಬಳಸುವ ವಿಧಾನವನ್ನು ಫ್ರಾನ್ಸಿನ ಪಾಲ್ ಮಿಟ್ರೊಫನಾಫ್ 1980ರಲ್ಲಿ ತೋರಿಸಿಕೊಟ್ಟರು. ಇಂಥದ್ದು ಬೇಕಾಗುವವರು ತೀರಾ ಕಡಿಮೆ, ಆದ್ದರಿಂದ ಇದೊಂದನ್ನೇ ಹಿಡಿದು ವಾದಿಸುವುದಿಲ್ಲ.

ಅಪೆಂಡಿಕ್ಸನ್ನು ತೆಗೆಯಲೇಬೇಕಾದ ಅಥವಾ ತೆಗೆಯುವುದೇ ಮೇಲಾದ ಸಂದರ್ಭಗಳಿವೆ. ಅವನ್ನು ‘ಹೆಂಗೂ ಕೊಯ್ದಾಗಿದೆ’ ಎಂಬ ಗುಂಪಿಗೆ ಸೇರಿಸಬಾರದು. ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲ ಹರಡಿ ಚಾಕಲೇಟ್ ಸಿಸ್ಟ್ ಆಗುವ ಕಾಯಿಲೆ, ಕೆಲವರಲ್ಲಿ ಅಪೆಂಡಿಕ್ಸಿಗೂ ಅಂಟಿಕೊಂಡಿರುತ್ತದೆ. ವರ್ಷಗಟ್ಟಲೆ ಬಲಗಡೆ ನೋವೆಂದು ನರಳಿದವಳ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ, ಬಾಗಿ, ಕಪ್ಪು ಚುಕ್ಕೆಗಳಿಂದ ಕೂಡಿರುವುದು ಲ್ಯಾಪರೋಸ್ಕೋಪಿನ ಪರದೆಯ ಮೇಲೆ ಕಂಡರೆ ಬಿಟ್ಟುಬರುವುದು ಸರಿಯಲ್ಲ. ಲೋಳೆ ತುಂಬಿದ ಅಂಡಾಶಯದ ಗಡ್ಡೆಯಲ್ಲಿ ಅಪೆಂಡಿಕ್ಸನ್ನು ಪರೀಕ್ಷಿಸಲೇಬೇಕು. ಎಷ್ಟೋ ಸಲ ಮೂಲ ಗಡ್ಡೆ ಅಪೆಂಡಿಕ್ಸಿನದ್ದಾಗಿದ್ದು ಅಂಡಾಶಯಕ್ಕೆ ಹರಡಿರುತ್ತದೆ; ಹೊಟ್ಟೆಯೆಲ್ಲ ಲೋಳೆ ತುಂಬುವ ಅಪರೂಪದ ಕಾಯಿಲೆಯ ಬೇರೂ ಹೆಚ್ಚಾಗಿ ಇಲ್ಲಿಯೇ. ಅಪೆಂಡಿಕ್ಸ್ ನೋಡಲು ಸಹಜವಾಗಿದ್ದರೆ ಅದನ್ನೂ ತೆಗೆಯಬೇಕೆ ಎಂಬಲ್ಲಿ ಮಾತ್ರ ತಜ್ಞರಲ್ಲಿ ಈಗ ಎರಡು ಅಭಿಪ್ರಾಯಗಳಿವೆ. ನೋವನ್ನು ಬಾಯಿಬಿಟ್ಟು ಹೇಳಲಾರದ ತೀವ್ರ ಬುದ್ಧಿಮಾಂದ್ಯತೆಯಿರುವವರು, ಮುಂದೆ ಹೊಟ್ಟೆಗೆ ವಿಕಿರಣ ಚಿಕಿತ್ಸೆ ಪಡೆಯಲಿರುವವರು, ಇವರ ವಿಷಯದಲ್ಲೂ ಮುಂಜಾಗ್ರತೆಗೆ ಅರ್ಥವಿದೆ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇರುವವರಲ್ಲಿ, ಅಪೆಂಡಿಕ್ಸ್ ಕೈಗೆ ಸಿಗದಂತೆ ಅಂಟಿಕೊಂಡಿರುವವರಲ್ಲಿ, ಅರಿವಳಿಕೆಯಡಿ ಸ್ಥಿತಿ ಏರುಪೇರಾಗುತ್ತಿರುವವರಲ್ಲಿ ಮುಟ್ಟದಿರುವುದೇ ಲೇಸು.

ಈಗ ಆ ‘ಅಂತೆ’ಗೆ ಬರೋಣ. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವಳ ಪ್ಲಾಸ್ಟಿಕ್ ಫೈಲಿನಲ್ಲಿರುವ ಡಿಸ್ಚಾರ್ಜ್ ಸಮ್ಮರಿಯನ್ನು ಬಿಡಿಸಿದರೆ, ಇಂಗ್ಲಿಷಿನ ಸಂಕ್ಷೇಪಾಕ್ಷರಗಳ ಸಾಲಿನಲ್ಲಿ ಟಿಎಎಚ್, ಬಿಎಸ್‌ಒ ಎಂದು ಬರೆದು ಪಕ್ಕದಲ್ಲೊಂದು ಕೂಡಿಸುವ ಚಿಹ್ನೆ ಹಾಕಿ ಅಪೆಂಡಿಸೆಕ್ಟಮಿ ಎಂದು ಸೇರಿಸಿರುತ್ತದೆ. ಗರ್ಭಕೋಶ, ಎರಡೂ ಅಂಡಾಶಯ ಮತ್ತು ನಳಿಕೆ, ಜೊತೆಗೆ ಅಪೆಂಡಿಕ್ಸ್: ಮನೆಯವರಿಗೆ ಇದು ಗೊತ್ತಾಗುವುದು ಊರಿನ ಇನ್ಯಾವುದೋ ಡಾಕ್ಟರು ಓದಿ ಹೇಳಿದಾಗ. ಒಪ್ಪಿಗೆ ಪತ್ರದ ಕಥೆ ಇನ್ನೂ ಹೀಗೆ. ಮುದ್ರಿತ ಹಾಳೆಯಲ್ಲಿ ಚಿಕಿತ್ಸೆಯ ಹೆಸರು ಬರೆಯುವ ಜಾಗ ಖಾಲಿ ಬಿಟ್ಟು ಮೊದಲೇ ಸಹಿ ಹಾಕಿಸುವುದುಂಟು. ‘ಅಗತ್ಯಬಿದ್ದರೆ ಇತರ ಯಾವುದೇ ಶಸ್ತ್ರಚಿಕಿತ್ಸೆಗೂ ನನ್ನ ಒಪ್ಪಿಗೆಯಿದೆ’ ಎಂಬ ಸಾಲು ಎಲ್ಲದಕ್ಕೂ ಕೊಡೆ ಹಿಡಿಯುತ್ತದೆ. ಮನೆಮಾತು ಕೊಂಕಣಿಯಾದವಳ ಮುಂದೆ ಇಂಗ್ಲಿಷ್ ಹಾಳೆ, ಸಹಿ ಹಾಕುವವನು ಗಂಡ. 2002ರ ವೈದ್ಯಕೀಯ ನೀತಿ ನಿಯಮಾವಳಿಯೇ ಶಸ್ತ್ರಚಿಕಿತ್ಸೆಗೆ ಮೊದಲು ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದರೆ ಪಾಲಕರು, ಅಥವಾ ಸ್ವತಃ ರೋಗಿಯಿಂದ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಆ ಸಾಲಿನಲ್ಲಿ ರೋಗಿ ನಿಂತಿರುವುದು ಕೊನೆಗೆ.

ಕಾನೂನು ಮಾತ್ರ 2008ರಲ್ಲೇ ಸ್ಪಷ್ಟವಾಗಿದೆ. ಆ ವರ್ಷದ ಜನವರಿ 16ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ, ಸಮೀರಾ ಕೊಹ್ಲಿ ಪ್ರಕರಣವೆಂದು ಹೆಸರಾದ ತೀರ್ಪು ಸ್ತ್ರೀರೋಗ ಶಸ್ತ್ರಚಿಕಿತ್ಸೆಗೇ ಸಂಬಂಧಿಸಿದ್ದು. ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. 1995ರಲ್ಲಿ ನಲವತ್ತನಾಲ್ಕರ ಅವಿವಾಹಿತೆಯೊಬ್ಬರು ಮುಟ್ಟಿನ ತೊಂದರೆಗೆ ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟು ಮಲಗಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ, ನಳಿಕೆಗಳನ್ನು ತೆಗೆಯಲಾಯಿತು. ವೈದ್ಯರು ಸದುದ್ದೇಶದಿಂದಲೇ ನಡೆದುಕೊಂಡಿದ್ದರೆಂದು ನ್ಯಾಯಾಲಯ ಒಪ್ಪಿತು. ಆದರೂ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ಪ್ರಾಪ್ತ ವಯಸ್ಕಳ ಪರವಾಗಿ ತಾಯಿ ಒಪ್ಪಲಾಗದು, ಜೀವ ಉಳಿಸಲು ತಕ್ಷಣ ಬೇಕಾದದ್ದನ್ನು ಬಿಟ್ಟು ಮತ್ತೇನನ್ನೂ ಒಪ್ಪಿಗೆಯ ಆಚೆಗೆ ಮಾಡಬಾರದು ಎಂದಿತು. ವೈದ್ಯರಿಗೆ ಶುಲ್ಕ ಇಲ್ಲ, ರೋಗಿಗೆ 25,000 ರೂಪಾಯಿ ಪರಿಹಾರ. ಎರಡನೇ ಸಲ ಹೊಟ್ಟೆ ತೆರೆಯುವ ಖರ್ಚು, ನೋವು ತಪ್ಪುತ್ತದೆ ಎಂಬುದು ಒಪ್ಪಿಗೆಗೆ ಬದಲಿಯಾಗುವುದಿಲ್ಲ. ಆರೋಗ್ಯವಂತ ಅಪೆಂಡಿಕ್ಸಿಗೆ ಈ ತತ್ವ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ, ಏಕೆಂದರೆ ಅಲ್ಲಿ ತುರ್ತೂ ಇಲ್ಲ, ಕಾಯಿಲೆಯೂ ಇಲ್ಲ.

ಅದೇ ತೀರ್ಪು ವೈದ್ಯರಿಗೆ ಸುಲಭದ ದಾರಿಯನ್ನೂ ತೋರಿಸಿದೆ: ಶಸ್ತ್ರಚಿಕಿತ್ಸೆಯ ನಡುವೆ ಬೇಕಾಗಬಹುದಾದ ಹೆಚ್ಚುವರಿ ಕ್ರಮಗಳಿಗೂ ಮೊದಲೇ ಒಟ್ಟಿಗೆ ಒಪ್ಪಿಗೆ ಪಡೆಯಬಹುದು. ‘ನಿಮ್ಮ ಅಪೆಂಡಿಕ್ಸಿಗೆ ಈಗ ಏನೂ ಆಗಿಲ್ಲ, ನಿಮ್ಮ ವಯಸ್ಸಿಗೆ ಮುಂದೆ ತೊಂದರೆಯಾಗುವ ಸಂಭವ ಇಷ್ಟು, ತೆಗೆದರೆ ಈ ಅಪಾಯ, ಬಿಟ್ಟರೆ ಈ ಅಪಾಯ, ಬೇಡವೆಂದರೂ ನಿಮ್ಮ ಆಪರೇಷನ್ ನಡೆದೇ ನಡೆಯುತ್ತದೆ’ ಎಂದು ವಾರ್ಡಿನಲ್ಲಿ, ಅರಿವಳಿಕೆಗೆ ಮೊದಲು, ಅವಳಿಗೇ ಅವಳ ಮಾತಿನಲ್ಲಿ ಹೇಳಿ ಒಂದು ಸಾಲು ಬರೆಸಿಕೊಳ್ಳಲು ಐದು ನಿಮಿಷ ಸಾಕು. ಕೊನೆಯ ಆ ಮಾತು ಮುಖ್ಯ. ಡಾಕ್ಟರ ಮುಂದೆ ‘ಬೇಡ’ ಎಂದರೆ ಅವರು ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ ನಮ್ಮ ಹೆಂಗಸರಲ್ಲಿ ದೊಡ್ಡದು.

ಹಣದ ಮಾತನ್ನೂ ಬಿಡುವಂತಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಂತೆ ಒಂದೇ ಸಲಕ್ಕೆ ಹಲವು ಶಸ್ತ್ರಚಿಕಿತ್ಸೆ ಮಾಡಿದರೆ ದೊಡ್ಡದಕ್ಕೆ ಪೂರ್ತಿ, ಎರಡನೆಯದಕ್ಕೆ ಶೇ 50, ಮೂರನೆಯದಕ್ಕೆ ಶೇ 25ರಷ್ಟು ಪ್ಯಾಕೇಜ್ ದರ ಸಿಗುತ್ತದೆ. ಎರಡು ನಿಜವಾದ ಕಾಯಿಲೆಗಳಿರುವವರಿಗೆ ಇದು ನ್ಯಾಯವಾದ ಏರ್ಪಾಡು. ಆದರೆ ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಾಗಲು ಇದು ಅವಕಾಶವನ್ನೂ ಕೊಡುತ್ತದೆ. ಕೈಯಿಂದ ಹಣ ಕಟ್ಟುವ ಖಾಸಗಿ ಆಸ್ಪತ್ರೆಯಲ್ಲಂತೂ ಹೇಳುವುದೇ ಬೇಡ. ಎಲ್ಲ ವೈದ್ಯರೂ ಹಾಗೆ ಮಾಡುತ್ತಾರೆಂದು ಹೇಳುವುದು ಅನ್ಯಾಯ. ಮುಂಜಾಗ್ರತೆಯ ಅಪೆಂಡಿಕ್ಸಿಗೆ ಪ್ರತ್ಯೇಕ ಶುಲ್ಕ ಇಲ್ಲ ಎಂಬ ಒಂದು ನಿಯಮ ಮಾಡಿದರೆ, ಆಮೇಲೂ ಎಷ್ಟು ಮಂದಿ ಅದನ್ನು ತೆಗೆಯುತ್ತಾರೆ ಎಂಬುದೇ ಒಳ್ಳೆಯ ಪರೀಕ್ಷೆಯಾದೀತು.

ಈ ಎಲ್ಲದರ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ಹೆಂಗಸರಲ್ಲಿ ಶೇ 3ರಷ್ಟು ಮಂದಿ ಗರ್ಭಕೋಶ ಕಳೆದುಕೊಂಡಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ನಲವತ್ತು ದಾಟುವ ಮೊದಲೇ, ಮೂರರಲ್ಲಿ ಎರಡು ಪಾಲಿನಷ್ಟು ಖಾಸಗಿ ಆಸ್ಪತ್ರೆಗಳಲ್ಲಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ರಾಜ್ಯಗಳು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ನಮ್ಮ ರಾಜ್ಯದಲ್ಲಿ ಕಲಬುರಗಿಯ ತಾಂಡಾಗಳ ಹೆಂಗಸರು ಈ ವಿಷಯಕ್ಕೆ ಬೀದಿಗಿಳಿದದ್ದು ಅದಕ್ಕೂ ಮೊದಲು. ಇಲ್ಲೊಂದು ಬಲೆಯಿದೆ. ಗರ್ಭಕೋಶವನ್ನು ಮೂವತ್ತಮೂರಕ್ಕೇ ತೆಗೆಯುವುದಾದರೆ ಅಪೆಂಡಿಕ್ಸಿಗೆ ನಾನು ಮೇಲೆ ಎತ್ತಿದ ವಯಸ್ಸಿನ ಆಕ್ಷೇಪ ತಾನಾಗಿ ಬಿದ್ದುಹೋಗುತ್ತದೆ. 35ರ ಕೆಳಗಿನವರಿಗೆ ಲಾಭ ಹೆಚ್ಚೆಂದು ಹೇಳಿದ್ದೇವಲ್ಲ! ಬೇಡವಾಗಿದ್ದ ಮೊದಲ ಶಸ್ತ್ರಚಿಕಿತ್ಸೆಯೇ ಎರಡನೆಯದಕ್ಕೆ ಸಮರ್ಥನೆಯಾಗುವುದು ಹೀಗೆ. ಆದ್ದರಿಂದ ಮೂವತ್ತಮೂರರವಳು ಕೇಳಬೇಕಾದ ಮೊದಲ ಪ್ರಶ್ನೆ ಅಪೆಂಡಿಕ್ಸಿನದ್ದಲ್ಲ, ಗರ್ಭಕೋಶದ್ದು: ಮಾತ್ರೆಯಿಂದಾಗಲಿ ಹಾರ್ಮೋನು ಸೂಸುವ ವಂಕಿಯಿಂದಾಗಲಿ ಈ ಸ್ರಾವ ನಿಲ್ಲದೇ?

ತೆಗೆದಾಗಿದ್ದರೆ ಮಾಡಬೇಕಾದದ್ದು ಎರಡಿದೆ. ಒಂದು, ತೆಗೆದ ಅಪೆಂಡಿಕ್ಸನ್ನೂ ಗರ್ಭಕೋಶದ ಜೊತೆಗೆ ಬಯಾಪ್ಸಿಗೆ ಕಳಿಸಿದ್ದಾರೆಯೇ ಎಂದು ಕೇಳಿ ಆ ವರದಿಯನ್ನು ಪಡೆಯುವುದು. ಹೊರಗಿನಿಂದ ಸಹಜವಾಗಿ ಕಾಣುವ ಅಪೆಂಡಿಕ್ಸಿನಲ್ಲೂ ನೂರಕ್ಕೊಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಕಾರ್ಸಿನಾಯ್ಡ್ ಎಂಬ ನಿಧಾನ ಬೆಳವಣಿಗೆಯ ಸಣ್ಣ ಗಡ್ಡೆ ಸಿಗುವುದುಂಟು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಪೂರ್ತಿ ತೆಗೆದಿದ್ದರೆ ಬೇರೆ ಚಿಕಿತ್ಸೆ ಸಾಮಾನ್ಯವಾಗಿ ಬೇಡ, ಎರಡು ಸೆಂಟಿಮೀಟರು ದಾಟಿದ್ದರೆ ಕರುಳಿನ ಬಲಭಾಗವನ್ನೇ ತೆಗೆಯಬೇಕಾದೀತು. ದಾಖಲೆ ಕೇಳಿದ 72 ಗಂಟೆಗಳೊಳಗೆ ಕೊಡುವುದು ವೈದ್ಯರ ಹೊಣೆಯೆಂದು ಅದೇ 2002ರ ನಿಯಮಾವಳಿ ಹೇಳುತ್ತದೆ. ಎರಡು, ಡಿಸ್ಚಾರ್ಜ್ ಸಮ್ಮರಿಯ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳುವುದು. ಗರ್ಭಕೋಶದ ಗಾಯದ ಗುರುತು ಕೆಳಹೊಟ್ಟೆಯಲ್ಲಿ ಅಡ್ಡವಾಗಿರುತ್ತದೆ, ಲ್ಯಾಪರೋಸ್ಕೋಪಿಯಾದರೆ ಹೊಕ್ಕುಳ ಸುತ್ತ ಎರಡು ಮೂರು ಚುಕ್ಕೆ. ಅಪೆಂಡಿಕ್ಸ್ ಆಪರೇಷನ್ನಿನದೆಂದು ಎಲ್ಲರೂ ಗುರುತಿಸುವ ಬಲಗಡೆಯ ಓರೆ ಗಾಯ ಅಲ್ಲಿರುವುದಿಲ್ಲ. ಮುಂದೆಂದೋ ಬಲಗಡೆ ನೋವೆಂದು ಹುಬ್ಬಳ್ಳಿಯ ಕ್ಯಾಜುವಾಲ್ಟಿಗೆ ಹೋದಾಗ, ಹೊಟ್ಟೆ ನೋಡಿದ ಡ್ಯೂಟಿ ಡಾಕ್ಟರಿಗೆ ಅಪೆಂಡಿಕ್ಸ್ ಒಳಗಿಲ್ಲವೆಂದು ಹೊರಗಿನಿಂದ ತಿಳಿಯುವ ದಾರಿಯಿಲ್ಲ, ಸ್ಕ್ಯಾನಿಂಗಿನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದೂ ಅವರು ತೀರ್ಮಾನಿಸುವುದಿಲ್ಲ.